ಅವರಿಗೆ ಊಟ ಯಾರು ಹಾಕುತ್ತಿದ್ದರು?

ಐದನೇ ಸೆಮಿಸ್ಟರ್‌ನ ಸೆಮಿನಾರ್‌ಗೆ ನಾನು ಆರಿಸಿಕೊಂಡ ವಿಷಯ ಈಜಿಪ್ಟಿನ ಪಿರಮಿಡ್. ಅದಕ್ಕೆ ಕಾರಣ ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆಗೆ ನೋಡಿದ ಒಂದು ವಿಡಿಯೊ. ‘ಕ್ರೇನ್ ಇಲ್ಲದ, ಕಬ್ಬಿಣದ ಉಪಕರಣವೂ ಇಲ್ಲದ ಕಾಲದಲ್ಲಿ ಮನುಷ್ಯರಿಂದ ಇದು ಸಾಧ್ಯವೇ?’ ಎಂದು ಅದರಲ್ಲಿ ಕೇಳಿದ್ದರು. ನಾನೂ ಅದನ್ನೇ ಕೇಳಿದೆ. ಕೊನೆಯ ಸ್ಲೈಡ್‌ನಲ್ಲಿ ಹಾರುವ ತಟ್ಟೆಯ ಚಿತ್ರ ಹಾಕಿದೆ. ಗೆಳೆಯರು ಚಪ್ಪಾಳೆ ತಟ್ಟಿದರು.

ಸರ್ ಕೇಳಿದ್ದು ಒಂದೇ ಪ್ರಶ್ನೆ: ‘ಎರಡೂವರೆ ಟನ್ ಕಲ್ಲು ಎಳೆಯೋಕೆ ಎಷ್ಟು ಜನ ಬೇಕು? ಲೆಕ್ಕ ಹಾಕಿದ್ಯೇನಪ್ಪ?’

ಘರ್ಷಣೆಯ ಸೂತ್ರ ಕಲಿತು ಪರೀಕ್ಷೆ ಬರೆದು ಪಾಸಾದವನು ನಾನು. ಉತ್ತರ ಹೇಳಲಾಗದೆ ನಿಂತೆ.

ಆ ಶನಿವಾರ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಗಾರೆ ಮೇಸ್ತ್ರಿ. ಓದಿದ್ದು ಏಳನೇ ಕ್ಲಾಸು. ಮೊಬೈಲಿನಲ್ಲಿ ಪಿರಮಿಡ್ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ‘ಮನುಷ್ರು ಕಟ್ದೆ ಇನ್ಯಾರು ಕಟ್ತಾರೆ? ಅದಿರ್ಲಿ, ಅಷ್ಟು ಜನಕ್ಕೆ ಊಟ ಯಾರು ಹಾಕ್ತಿದ್ರು? ನೀರು ಎಲ್ಲಿಂದ ಬರ್ತಿತ್ತು? ಮೊದ್ಲು ಅದನ್ನ ನೋಡು’ ಎಂದರು.

ನನಗೆ ಹೊಳೆಯದೇ ಇದ್ದ ಪ್ರಶ್ನೆ ಅದು. ಎರಡು ತಿಂಗಳು ಅದರ ಬೆನ್ನು ಹತ್ತಿದೆ.

ಮೊದಲು ಸರ್ ಕೇಳಿದ ಲೆಕ್ಕ. ಗೀಜಾದಲ್ಲಿರುವ ಖುಫು ದೊರೆಯ ಮಹಾ ಪಿರಮಿಡ್ಡಿಗೆ ಸುಮಾರು 4,600 ವರ್ಷ. ಕಟ್ಟಿದಾಗ ಎತ್ತರ ಸುಮಾರು 146 ಮೀಟರ್, ಬುಡದ ಒಂದೊಂದು ಬದಿ 230 ಮೀಟರ್. ಅದರಲ್ಲಿರುವ ಕಲ್ಲುಗಳು ಅಂದಾಜು 23 ಲಕ್ಷ, ಒಂದರ ಸರಾಸರಿ ತೂಕ ಎರಡೂವರೆ ಟನ್. ಹೆಚ್ಚಿನ ಕಲ್ಲನ್ನು ಕಡಿದದ್ದು ಅಲ್ಲೇ ಪಕ್ಕದ ಸುಣ್ಣಕಲ್ಲಿನ ಕ್ವಾರಿಯಲ್ಲಿ, ತಾಮ್ರದ ಉಳಿಗಳಿಂದ. ಸಾಗಿಸಿದ್ದು ಮರದ ಜಾರುಬಂಡಿಯ ಮೇಲೆ.

ಒಣ ಮರಳಿನ ಮೇಲೆ ಜಾರುಬಂಡಿ ಎಳೆದರೆ ಮುಂದೆ ಮರಳಿನ ಗುಡ್ಡೆ ಬೀಳುತ್ತದೆ, ಬಂಡಿ ಹೂತುಕೊಳ್ಳುತ್ತದೆ. ಮರಳನ್ನು ಹದವಾಗಿ ನೆನೆಸಿದರೆ ಎಳೆಯುವ ಬಲ ಅರ್ಧಕ್ಕಿಳಿಯುತ್ತದೆ ಎಂದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2014ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಇದರ ಸುಳಿವು ಈಜಿಪ್ಟಿನ ಗೋಡೆಯ ಮೇಲೇ ಇತ್ತು. ಪಿರಮಿಡ್ಡಿಗಿಂತ ಆರೇಳು ಶತಮಾನ ಈಚಿನವನಾದ ಜೆಹುತಿಹೊತೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಒಂದು ಚಿತ್ರವಿದೆ. ಅದರಲ್ಲಿ 172 ಜನ ಭಾರಿ ವಿಗ್ರಹವೊಂದನ್ನು ಎಳೆಯುತ್ತಿದ್ದಾರೆ. ಜಾರುಬಂಡಿಯ ತುದಿಯಲ್ಲಿ ನಿಂತ ಒಬ್ಬ ಮುಂದಿನ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಅದು ಪೂಜೆಯ ಶಾಸ್ತ್ರವಿರಬೇಕು ಎಂದು ಬಹುಕಾಲ ತಿಳಿಯಲಾಗಿತ್ತು.

ಘರ್ಷಣೆಯ ಗುಣಾಂಕ 0.3 ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಎರಡೂವರೆ ಟನ್ ಕಲ್ಲಿಗೆ ಸುಮಾರು 7,350 ನ್ಯೂಟನ್ ಬಲ ಬೇಕು. ಒಬ್ಬ 300 ನ್ಯೂಟನ್ ಎಳೆಯುತ್ತಾನೆ ಎಂದರೆ ಸಮತಟ್ಟಾದ ನೆಲದಲ್ಲಿ 25 ಜನ ಸಾಕು. ಸೆಮಿನಾರ್ ದಿನ ನಾನು ಹೇಳಬೇಕಿದ್ದ ಉತ್ತರ ಇಷ್ಟೇ.

ಎತ್ತರಕ್ಕೆ ಏರಿಸಿದ್ದು ಹೇಗೆ ಎಂಬುದು ಇನ್ನೂ ಕಷ್ಟದ ಪ್ರಶ್ನೆ. ತುದಿಯವರೆಗೆ ಒಂದೇ ನೇರ ಇಳಿಜಾರು ಕಟ್ಟಬೇಕೆಂದರೆ, 100 ಮೀಟರಿಗೆ 8 ಮೀಟರ್ ಏರಿಕೆಯಂತೆ ಅದು 1.8 ಕಿಲೋಮೀಟರ್ ಉದ್ದವಾಗುತ್ತದೆ. ಅದನ್ನು ಕಟ್ಟುವುದೇ ಇನ್ನೊಂದು ಪಿರಮಿಡ್ ಕಟ್ಟಿದ ಹಾಗೆ. ಆದರೆ ಜ್ಯಾಮಿತಿ ಇಲ್ಲಿ ನೆರವಿಗೆ ಬರುತ್ತದೆ. ಪಿರಮಿಡ್ಡಿನ ಕೆಳಗಿನ ಮೂರನೇ ಒಂದು ಎತ್ತರದಲ್ಲೇ ಒಟ್ಟು ಗಾತ್ರದ ಶೇ 70ರಷ್ಟು ಮುಗಿದುಹೋಗುತ್ತದೆ. ಅಲ್ಲಿಗೆ ಬೇಕಾದ ಇಳಿಜಾರಿನ ಉದ್ದ ಸುಮಾರು 600 ಮೀಟರ್ ಮಾತ್ರ. ಮೇಲೆ ಹೋದಂತೆ ಕಲ್ಲಿನ ಸಂಖ್ಯೆ ಬೇಗ ಇಳಿಯುತ್ತದೆ. ಅಲ್ಲಿಂದಾಚೆಗೆ ಪಿರಮಿಡ್ಡನ್ನು ಸುತ್ತುವ ಇಳಿಜಾರು ಇತ್ತು ಎನ್ನುವವರಿದ್ದಾರೆ. ಒಳಗೇ ಸುರುಳಿಯಾಕಾರದ ದಾರಿ ಇತ್ತು ಎಂದು ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ಪಿಯೆರ್ ಹೂದಾನ್ ವಾದಿಸುತ್ತಾರೆ. ಒಮ್ಮತ ಇನ್ನೂ ಮೂಡಿಲ್ಲ. ಆದರೆ ಹಟ್ನೂಬ್ ಎಂಬಲ್ಲಿನ ಕ್ವಾರಿಯಲ್ಲಿ ಖುಫು ಕಾಲದ ಕಡಿದಾದ ಇಳಿಜಾರೊಂದು ಸಿಕ್ಕಿದೆ ಎಂದು 2018ರಲ್ಲಿ ಪ್ರಕಟವಾಯಿತು. ಅದರ ಎರಡೂ ಬದಿಯಲ್ಲಿ ಮೆಟ್ಟಿಲು, ಕಂಬ ನೆಡುವ ಕುಳಿಗಳಿವೆ. ಕಂಬಕ್ಕೆ ಹಗ್ಗ ಸುತ್ತಿ ಎಳೆದರೆ ಕಡಿದಾದ ಏರನ್ನೂ ಹತ್ತಿಸಬಹುದು.

ಇನ್ನು ಅಪ್ಪನ ಪ್ರಶ್ನೆ. ಅದಕ್ಕೆ ಉತ್ತರ ಮಣ್ಣಿನಡಿ ಸಿಕ್ಕಿದೆ. ಗೀಜಾದ ಪಿರಮಿಡ್‌ಗಳ ದಕ್ಷಿಣಕ್ಕೆ ಪುರಾತತ್ವಜ್ಞ ಮಾರ್ಕ್ ಲೆಹ್ನರ್ ತಂಡ ಕೆಲಸಗಾರರ ಊರನ್ನೇ ಅಗೆದು ತೆಗೆದಿದೆ. ಅಲ್ಲಿ ರೊಟ್ಟಿ ಬೇಯಿಸುತ್ತಿದ್ದ ಜಾಗಗಳು, ಮಲಗುವ ಉದ್ದನೆಯ ಸಾಲುಮನೆಗಳು, ದನ, ಕುರಿ, ಮೇಕೆಗಳ ಮೂಳೆಗಳ ರಾಶಿ ಸಿಕ್ಕಿವೆ. 1990ರಲ್ಲಿ ಹತ್ತಿರದಲ್ಲೇ ಕುದುರೆಯೊಂದು ಎಡವಿದಾಗ ಕೆಲಸಗಾರರ ಸಮಾಧಿಗಳು ಪತ್ತೆಯಾದವು. ಅಲ್ಲಿನ ಅಸ್ಥಿಪಂಜರಗಳಲ್ಲಿ ಮುರಿದು ಮತ್ತೆ ಸರಿಯಾಗಿ ಕೂಡಿಕೊಂಡ ಮೂಳೆಗಳಿವೆ. ಅಂದರೆ ಪೆಟ್ಟಾದವರಿಗೆ ಆರೈಕೆ ಇತ್ತು. ದೊರೆಯ ಪಿರಮಿಡ್ಡಿನ ನೆರಳಿನಲ್ಲೇ ಗೋರಿ ಪಡೆದವರನ್ನು ಚಾಟಿಯೇಟಿಗೆ ದುಡಿದ ಗುಲಾಮರು ಎನ್ನುವುದು ಕಷ್ಟ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆರರ್ ಎಂಬಾತ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಿಯೆರ್ ತಾಲೆ ನೇತೃತ್ವದ ತಂಡಕ್ಕೆ ಅವನ ಪಪೈರಸ್ ದಿನಚರಿ ಸಿಕ್ಕಿತು. ಬರಹವಿರುವ ಪಪೈರಸ್‌ಗಳಲ್ಲಿ ಈವರೆಗೆ ದೊರೆತ ಅತ್ಯಂತ ಹಳೆಯವು ಇವೇ. ಸುಮಾರು 40 ಜನರ ತಂಡದ ಮುಖ್ಯಸ್ಥನಾಗಿದ್ದ ಮೆರರ್, ನೈಲ್ ನದಿಯಾಚೆಯ ತುರಾದಿಂದ ಹೊರಮೈಗೆ ಬೇಕಾದ ಬಿಳಿ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ತರುತ್ತಿದ್ದ. ಇಂದು ಕಲ್ಲು ತುಂಬಿದೆವು, ಇಂದು ಹೊರಟೆವು, ರಾತ್ರಿ ಇಂಥಲ್ಲಿ ತಂಗಿದೆವು ಎಂಬಂಥ ವಿವರಗಳೇ ಅದರ ತುಂಬ. ನಮ್ಮ ಸೈಟ್‌ಗಳಲ್ಲಿ ಬರೆಯುವ ದಿನದ ವರದಿಯೂ ಹೀಗೇ ಇರುತ್ತದೆ. ಜೊತೆಗೆ ಸಿಕ್ಕ ಹಾಳೆಗಳಲ್ಲಿ ತಂಡಕ್ಕೆ ಬಂದ ರೊಟ್ಟಿ, ಬಿಯರ್, ಧಾನ್ಯಗಳ ಲೆಕ್ಕವೂ ಇದೆ. ಅಪ್ಪ ಕೇಳಿದ್ದಕ್ಕೆ ಲಿಖಿತ ಉತ್ತರ!

ಅವರು ತಪ್ಪನ್ನೂ ಮಾಡಿದ್ದರು. ಖುಫುವಿನ ತಂದೆ ಸ್ನೆಫೆರು ದಹಶೂರ್‌ನಲ್ಲಿ ಕಟ್ಟಿಸಿದ ಪಿರಮಿಡ್ ಅರ್ಧದಲ್ಲೇ ಬಾಗಿದೆ. 54 ಡಿಗ್ರಿಯಲ್ಲಿ ಏರುತ್ತಿದ್ದ ಗೋಡೆಯನ್ನು ನಡುವೆ 43 ಡಿಗ್ರಿಗೆ ಇಳಿಸಿದರು, ಕಟ್ಟಡ ನಿಲ್ಲುವುದಿಲ್ಲ ಎಂಬ ಭಯಕ್ಕೆ ಇರಬೇಕು. ಮುಂದಿನ ಪಿರಮಿಡ್ಡನ್ನು ಬುಡದಿಂದಲೇ 43 ಡಿಗ್ರಿಯಲ್ಲಿ ಕಟ್ಟಿದರು. ತಪ್ಪಿ, ತಿದ್ದಿ, ಕಲಿತವರ ಗುರುತು ಇದು. ಆಕಾಶದಿಂದ ಇಳಿದು ಬಂದವರಿಗೆ ಈ ಅಭ್ಯಾಸ ಬೇಕಿರಲಿಲ್ಲ.

ಸೆಮಿನಾರ್ ಅನ್ನು ಇನ್ನೊಮ್ಮೆ ಮಾಡಲು ಸರ್ ಒಪ್ಪಿದರು. ಈ ಸಲ ಚಪ್ಪಾಳೆ ಕಡಿಮೆ, ಪ್ರಶ್ನೆ ಹೆಚ್ಚು ಬಂದವು.

ಒಂದು ಮಾತು ಒಪ್ಪಿಕೊಳ್ಳಬೇಕು. ಕಾಲೇಜು ಸೇರಿದ ಹೊಸದರಲ್ಲಿ ‘ಅಪ್ಪ ಏನ್ಮಾಡ್ತಾರೆ?’ ಎಂದು ಯಾರಾದರೂ ಕೇಳಿದರೆ ‘ಬಿಸಿನೆಸ್’ ಎನ್ನುತ್ತಿದ್ದೆ. ಪಿರಮಿಡ್ಡನ್ನು ಕೂಲಿಯವರು ಕಟ್ಟಿರಲಿಕ್ಕಿಲ್ಲ ಎಂದು ಅಷ್ಟು ಸುಲಭವಾಗಿ ನಂಬಿದ್ದು ಅದೇ ನಾನು. ಎರಡರ ಬೇರು ಒಂದೇ ಎಂದು ಈಗ ಅನಿಸುತ್ತದೆ. ಕೈ ಕೆಸರಾದವರಿಗೆ ತಲೆಯೂ ಇರುತ್ತದೆ ಎಂಬುದನ್ನು ನಾನು ಮರೆತಿದ್ದೆ.

ಕಳೆದ ವಾರ ಊರಲ್ಲಿ ಅಪ್ಪ ಹೊಸ ಮನೆಯೊಂದಕ್ಕೆ ಪಾಯ ಗುರುತು ಮಾಡುತ್ತಿದ್ದರು. ದಾರದ ಇನ್ನೊಂದು ತುದಿ ಹಿಡಿದು ನಿಂತೆ. ಮೂರಡಿ, ನಾಲ್ಕಡಿ ಅಳೆದು ಗುರುತು ಹಾಕಿ, ಕರ್ಣ ಐದಡಿ ಬಂದ ಮೇಲೆಯೇ ಮೂಲೆಗೆ ಗೂಟ ಹೊಡೆದರು. ಮಾಲೀಕರು ‘ಇವನ್ಯಾರು ಮೇಸ್ತ್ರಿ?’ ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ: ‘ಮೇಸ್ತ್ರಿ ಮಗ ಸರ್. ಸಿವಿಲ್ ಓದ್ತಿದ್ದೀನಿ.’