ಪೋಡಿನಿಂದ ಗ್ರಾಮಸಭೆಗೆ

ಬಿಳಿಗಿರಿರಂಗನ ಬೆಟ್ಟದಿಂದ ಬಂಡೀಪುರದ ಮಗ್ಗುಲಿನ ಗುಂಡ್ಲುಪೇಟೆಯವರೆಗೆ, ಚಾಮರಾಜನಗರ ಜಿಲ್ಲೆಯ ಕಾಡಂಚಿನಲ್ಲಿ ಸೋಲಿಗರ ಪೋಡುಗಳೂ ಜೇನುಕುರುಬರ ಹಾಡಿಗಳೂ, ಅಂದರೆ ಆದಿವಾಸಿಗಳ ಪುಟ್ಟ ಊರುಗಳು, ಹರಡಿಕೊಂಡಿವೆ. ಇಲ್ಲಿ ಸರ್ಕಾರವೆಂದರೆ ಬಹುಕಾಲ ಅರಣ್ಯ ಇಲಾಖೆಯೇ. ಡಾಕ್ಟರು, ಮೇಷ್ಟರು ಬಂದದ್ದು ತೀರಾ ತಡವಾಗಿ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದಾಗ ಸೋಲಿಗರ ಬೇಟೆಯೂ ಅಲೆಮಾರಿ ಬೇಸಾಯವೂ ನಿಂತವು. ಬದಲಿ ಬದುಕಿನ ದಾರಿ ಮಾತ್ರ ತೆರೆಯಲಿಲ್ಲ. ಆ ಹೊತ್ತಿನಲ್ಲಿ ಬೆಟ್ಟಕ್ಕೆ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ್ದು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಔಷಧೋಪಚಾರದಿಂದ ಶುರುವಾದ ಕೆಲಸ ಶಾಲೆ, ಕಸುಬಿನ ತರಬೇತಿ, ಸಂಘಟನೆಗಳಿಗೆ ಬೆಳೆಯಿತು. 1994ರಲ್ಲಿ ಅದಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಹೀಗೆ ಸರ್ಕಾರ ಎಟುಕದ ಕಡೆ ನಂಬಿಕೆಯ ಬಲದಿಂದ ಹುಟ್ಟಿದ ಸಂಸ್ಥೆ ಜನರ ಕೈಹಿಡಿಯುವುದು ಲೋಕದಲ್ಲೆಲ್ಲ ಇದೆ. ಬ್ರೆಜಿಲ್, ನೈಜೀರಿಯಾಗಳ ಬಡ ಬಡಾವಣೆಗಳಲ್ಲಿ ಪೆಂಟೆಕೋಸ್ಟಲ್ ಸಭೆಗಳು ಕಾಯಿಲೆ, ಸಾವು, ಕೆಲಸವಿಲ್ಲದ ದಿನಗಳಲ್ಲಿ ತಮ್ಮವರಿಗೆ ಆಸರೆಯಾಗುತ್ತವೆ. ಇಂಥ ಎಲ್ಲ ಸಂಸ್ಥೆಗಳನ್ನೂ ಒಂದೇ ಕೋಲಿನಿಂದ ಅಳೆಯಬೇಕು: ಇಂದು ನೆರವು ಪಡೆದವರು ನಾಳೆ ತಮ್ಮ ಹಕ್ಕನ್ನು ತಾವೇ ಕೇಳಬಲ್ಲರೇ? ಬೆಟ್ಟದಲ್ಲಿ ಇದಕ್ಕೆ ಉತ್ತರವಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅರ್ಜಿ ಬರೆಯಲು, ಗ್ರಾಮಸಭೆ ಕೂಡಿಸಲು, ಕಚೇರಿಗೆ ಅಲೆಯಲು ಓದು ಬಲ್ಲ ಸೋಲಿಗರಿದ್ದರು, ಸೋಲಿಗರದೇ ಸಂಘಗಳಿದ್ದವು. 2011ರಲ್ಲಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಸಂಸ್ಥೆಗಳು ಹೊರೆ ಹೊತ್ತರೆ ಸರ್ಕಾರ ಜವಾಬ್ದಾರಿಯಿಂದ ನುಣುಚಿಕೊಳ್ಳುವುದಿಲ್ಲವೇ ಎಂಬ ಆಕ್ಷೇಪವಿದೆ. ಅದು ಹುಸಿ ಭಯವಲ್ಲ. ಆದರೆ ಯಳಂದೂರು ತಾಲ್ಲೂಕಿನ ಗುಂಬಳ್ಳಿಯನ್ನು ನೋಡಿ. 1996ರಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಡಾ. ಸುದರ್ಶನ್ ಅವರೇ ಸ್ಥಾಪಿಸಿದ್ದ ಕರುಣಾ ಟ್ರಸ್ಟ್ ನಡೆಸತೊಡಗಿತು. ಪಕ್ಕದಲ್ಲಿ ತನ್ನದೇ ಆಸ್ಪತ್ರೆ ಎಬ್ಬಿಸದೆ, ಸರ್ಕಾರದ ಕೇಂದ್ರವನ್ನೇ ಜನರಿಗೆ ದಕ್ಕುವಂತೆ ಮಾಡಿದ ದಾರಿ ಅದು. ನೆರವಿನ ಬೆನ್ನಿಗೇ ಸಂಸ್ಥೆಯ ನಂಬಿಕೆಯೂ ಜನರ ಮೇಲೆ ಹೇರಿಕೆಯಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಋಣದ ಭಾರ ಹೊತ್ತವನಿಗೆ ಬೇಡ ಎನ್ನುವುದು ಕಷ್ಟ ಎಂಬುದನ್ನು ಒಪ್ಪಲೇಬೇಕು. ಆದರೂ ಗಿರಿಜನ ಕಲ್ಯಾಣ ಕೇಂದ್ರದ ಹೆಸರು ವಿವೇಕಾನಂದರದಾದರೆ, ಸೋಲಿಗರಿಗೆ ಬೆಟ್ಟದ ದೇವರು ಬಿಳಿಗಿರಿರಂಗ ಇಂದಿಗೂ ತಮ್ಮ ಮನೆಮಗಳು ಕುಸುಮಾಲೆಯನ್ನು ವರಿಸಿದ ಭಾವನೇ. ದೊಡ್ಡಸಂಪಿಗೆ ಮರ ಇಂದಿಗೂ ದೇವರೇ. ತಮ್ಮ ಪವಿತ್ರ ತಾಣಗಳನ್ನು ಅವರೇ ನಕ್ಷೆಯಲ್ಲಿ ಗುರುತಿಸಿದ್ದಾರೆ. ತಮ್ಮ ದೇವರನ್ನು ತಾವೇ ಉಳಿಸಿಕೊಂಡ ಜನರನ್ನು ಬರೀ ಫಲಾನುಭವಿಗಳೆಂದು ಕರೆಯಲಾಗದು.

ಆದ್ದರಿಂದ ಗುಡಿಯಾಗಲಿ, ಚರ್ಚಾಗಲಿ, ಟ್ರಸ್ಟಾಗಲಿ, ಕಾಡಂಚಿಗೆ ಸೇವೆಗೆಂದು ಹೋಗುವವರು ಅನ್ನ, ಔಷಧಿಯ ಜೊತೆಗೆ ಗ್ರಾಮಸಭೆಯ ದಾರಿಯನ್ನೂ ತೋರಿಸಲಿ. ಆ ದಾರಿ ಬಲ್ಲ ಊರು ಮುಂದೆ ಯಾರ ದಯೆಗೂ ಕಾಯಬೇಕಿಲ್ಲ.