ಕಲ್ಲಿನೊಳಗಿನ ಮುಳ್ಳುಗುಂಡಿಗೆ ಹೆಸರಿಡುವುದು ಹೇಗೆ?



ಭೂವಿಜ್ಞಾನ, ಸಸ್ಯಶಾಸ್ತ್ರ ಓದುತ್ತಿರುವ ನಮ್ಮ ಸದಸ್ಯರ ಮಕ್ಕಳಿಗೆ ಉಪಯೋಗವಾಗಲೆಂದು ಈ ಸಲ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಯ ಪಳೆಯುಳಿಕೆಯ ವಿಷಯ ತೆಗೆದುಕೊಂಡಿದ್ದೇವೆ. ಹೆಸರಿನಲ್ಲಿ ‘ಡೈನೋ’ ಇದ್ದರೂ ಡೈನೋಸಾರಿಗೂ ಇದಕ್ಕೂ ನಂಟಿಲ್ಲ. ಅಲ್ಲಿ ಗ್ರೀಕ್ ಪದಕ್ಕೆ ‘ಭಯಂಕರ’ ಎಂದು ಅರ್ಥ, ಇಲ್ಲಿ ‘ಗಿರಗಿರ ತಿರುಗುವುದು’ ಎಂದು.

ಅದಿಯಮಾನ್‌ಕೋಟೆಯ ಸದಸ್ಯರಿಗೆ ಮೊದಲೇ ಹೇಳಿಬಿಡುತ್ತೇವೆ: ನಮ್ಮ ಊರಿನ ಬಂಡೆಯಲ್ಲಿ ಇದು ಸಿಗುವುದಿಲ್ಲ. ಧರ್ಮಪುರಿ, ಸೇಲಂ ಕಡೆಯ ಕಲ್ಲು ನೈಸ್ ಮತ್ತು ಚಾರ್ನೊಕೈಟ್. ಸುಮಾರು 250 ಕೋಟಿ ವರ್ಷ ಹಳೆಯದು, ಭೂಮಿಯ ಆಳದಲ್ಲಿ ಬೆಂದು ಬಂದದ್ದು. ಸೇಲಂ ಪಕ್ಕದ ಬಿಳಿ ಗುಡ್ಡಗಳಿಗೆ ಇಂಗ್ಲಿಷರು ‘ಚಾಕ್ ಹಿಲ್ಸ್’ ಎಂದು ಹೆಸರಿಟ್ಟರು. ಆ ಹೆಸರು ನಂಬಿ ಹೋದರೂ ಮೋಸವೇ, ಏಕೆಂದರೆ ಅಲ್ಲಿರುವುದು ಚಾಕ್ ಅಲ್ಲ, ಮ್ಯಾಗ್ನೆಸೈಟ್. ನಿಜವಾದ ಚಾಕ್ ಸಮುದ್ರದ ತಳದಲ್ಲಿ ಹುಟ್ಟಿದ್ದು, ನಮಗೆ ಬೇಕಾದ ಪಳೆಯುಳಿಕೆ ಅಂಥ ಕಡೆ ಇರುತ್ತದೆ. ಮೈಬಣ್ಣ ನೋಡಿ ಹೆಸರಿಟ್ಟರೆ ಹೀಗಾಗುತ್ತದೆ.

ಹತ್ತಿರದಲ್ಲಿ ನೋಡಬೇಕಾದರೆ ಸೇಲಂನಿಂದ ಆತ್ತೂರು ದಾಟಿ ಪೆರಂಬಲೂರು, ಅರಿಯಲೂರು ಕಡೆಗೆ ಹೋಗಬೇಕು. ಸುಮಾರು 11 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ, ಅಂದರೆ ಕ್ರಿಟೇಷಿಯಸ್ ಕಾಲದಲ್ಲಿ, ಅಲ್ಲಿ ಸಮುದ್ರವಿತ್ತು. ಈಗ ಸಿಮೆಂಟ್ ಕಾರ್ಖಾನೆಗಳು ಅಗೆಯುವ ಸುಣ್ಣಕಲ್ಲು ಆ ಸಮುದ್ರದ್ದೇ. ದಕ್ಷಿಣ ಭಾರತದ ಈ ಚಿಪ್ಪುಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲೇ ವಿವರಿಸಿದ್ದರು. ಚಿಪ್ಪು ಕಣ್ಣಿಗೆ ಕಾಣುತ್ತದೆ. ನಾವು ಹೇಳುತ್ತಿರುವ ವಸ್ತು ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದಷ್ಟು, ಸೂಕ್ಷ್ಮದರ್ಶಕವಿಲ್ಲದೆ ಕಾಣದು.

ಡೈನೋಫ್ಲಾಜೆಲೇಟ್ ಎಂದರೆ ನೀರಿನಲ್ಲಿ ಬದುಕುವ ಒಂದೇ ಕೋಶದ ಜೀವಿ. ಎರಡು ಚಾಟಿಗಳಿರುತ್ತವೆ, ಅವುಗಳಲ್ಲಿ ಒಂದು ಸೊಂಟದ ಸುತ್ತಲಿನ ತೋಡಿನಲ್ಲಿ ಸುತ್ತಿಕೊಂಡಿರುತ್ತದೆ. ಹಲವು ಜಾತಿಗಳಿಗೆ ಮೈಮೇಲೆ ಸೆಲ್ಯುಲೋಸಿನ ಫಲಕಗಳು, ಕಾಲ್ಚೆಂಡಿಗೆ ಚರ್ಮದ ತುಂಡು ಹೊಲಿದ ಹಾಗೆ. ಜೀವಿ ಸತ್ತರೆ ಈ ಫಲಕ ಕೊಳೆತುಹೋಗುತ್ತದೆ. ಆದರೆ ಶೇ. 10ರಿಂದ 20ರಷ್ಟು ಜಾತಿಗಳು ಬದುಕಿನ ಒಂದು ಘಟ್ಟದಲ್ಲಿ ಗಟ್ಟಿ ಗೋಡೆಯ ಗೂಡು ಕಟ್ಟಿಕೊಂಡು ಕೆಸರಿನಲ್ಲಿ ಮಲಗುತ್ತವೆ. ಅದಕ್ಕೇ ಸಿಸ್ಟ್ ಎನ್ನುವುದು. ಪೈರು ಒಣಗಿಹೋದರೂ ರಾಗಿ ಕಾಳು ಉಳಿದ ಹಾಗೆ. ಕಾಲ ಕೂಡಿಬಂದಾಗ ಜೀವಿ ಬಾಗಿಲು ತೆರೆದು ಹೊರಗೆ ಹೋಗುತ್ತದೆ, ಖಾಲಿ ಗೂಡು ಕಲ್ಲಿನಲ್ಲಿ ಉಳಿಯುತ್ತದೆ.

ಪ್ರಯೋಗಾಲಯದಲ್ಲಿ ಕಲ್ಲನ್ನು ಪುಡಿಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಸುಣ್ಣವನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಮರಳು, ಜೇಡಿಯನ್ನೂ ಕರಗಿಸುತ್ತಾರೆ. ಸಿಸ್ಟಿನ ಗೋಡೆ ಎರಡಕ್ಕೂ ಜಗ್ಗುವುದಿಲ್ಲ. ಉಳಿದದ್ದನ್ನು ಸಣ್ಣ ಜರಡಿಯಲ್ಲಿ ಸೋಸಿ ಗಾಜಿನ ಮೇಲೆ ಹಾಕಿ ನೋಡುತ್ತಾರೆ. (ಎರಡನೆಯ ಆಮ್ಲ ಮೂಳೆಯವರೆಗೆ ಇಳಿಯುವಂಥದ್ದು. ಮಕ್ಕಳು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಅದರ ತಂಟೆಗೇ ಹೋಗಬಾರದು.)

ಇನ್ನು ಗುರುತು ಹಿಡಿಯುವುದು. ಸ್ಪಿನಿಫೆರೈಟಿಸ್ ರಮೋಸಸ್ ಎಂಬ ಜಾತಿಯನ್ನೇ ನೋಡೋಣ. ಉಮ್ಮತ್ತಿ ಕಾಯಿಯ ಹಾಗೆ ಮೈತುಂಬ ಮುಳ್ಳು. ಕಣ್ಣು ಮೊದಲು ಹೋಗುವುದು ಮುಳ್ಳಿನ ಕಡೆಗೇ, ಹಳಬರು ತಪ್ಪಿದ್ದೂ ಅಲ್ಲೇ. ಬರ್ಲಿನ್ನಿನ ಎಹ್ರೆನ್‌ಬರ್ಗ್ 1838ರಲ್ಲಿ ಚಕಮಕಿ ಕಲ್ಲಿನೊಳಗೆ ಇದನ್ನು ಕಂಡು, ಸಿಹಿನೀರಿನ ಪಾಚಿಯೆಂದು ಭಾವಿಸಿ ಕ್ಸಾಂಥಿಡಿಯಂ ಎಂಬ ಕುಲಕ್ಕೆ ಸೇರಿಸಿದರು. ಇಗ್ವಾನೊಡಾನ್ ಡೈನೋಸಾರ್ ಕಂಡುಹಿಡಿದ ಮ್ಯಾಂಟೆಲ್ ಅದು ಬೇರೆಯೆಂದು ಹೇಳಿ 1850ರಲ್ಲಿ ಸ್ಪಿನಿಫೆರೈಟಿಸ್ ಎಂಬ ಕುಲನಾಮ ಕೊಟ್ಟರು. 1933ರಲ್ಲಿ ಜರ್ಮನಿಯ ಒಟ್ಟೋ ವೆಟ್ಜೆಲ್ ಇದೇ ಗುಂಪಿಗೆ ಹಿಸ್ಟ್ರಿಕೋಸ್ಫೇರಾ, ಅಂದರೆ ಮುಳ್ಳುಹಂದಿ ಗುಂಡು, ಎಂದು ಇನ್ನೊಂದು ಹೆಸರಿಟ್ಟರು. ಅದೇ ಬಹಳ ವರ್ಷ ನಡೆಯಿತು. ಕೊನೆಗೆ ಮೊದಲು ಬಂದ ಹೆಸರಿಗೇ ಹಕ್ಕು ಎಂಬ ನಿಯಮದಂತೆ 1966ರಲ್ಲಿ ಮ್ಯಾಂಟೆಲ್ ಹೆಸರು ಮರಳಿತು. ಈ ಹೆಸರುಗಳಿಗೆ ಸಸ್ಯಗಳ ನಾಮಕರಣ ಸಂಹಿತೆಯೇ ಅನ್ವಯಿಸುತ್ತದೆ. ಜೀವಿಗೆ ಚಾಟಿ ಇದೆಯಲ್ಲ ಎಂದು ಕೇಳಬೇಡಿ, ಕಾಯಿದೆ ಹಾಗಿದೆ.

ಇವು ಡೈನೋಫ್ಲಾಜೆಲೇಟುಗಳ ಗೂಡು ಎಂದು 1961ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಲಿಯಂ ಎವಿಟ್. ಅವರು ನೋಡಿದ್ದು ಮುಳ್ಳು ಎಷ್ಟಿದೆ ಎಂದಲ್ಲ, ಅದು ಎಲ್ಲಿ ಹುಟ್ಟುತ್ತದೆ ಎಂದು. ಸ್ಪಿನಿಫೆರೈಟಿಸ್‌ನಲ್ಲಿ ಮುಖ್ಯ ಮುಳ್ಳುಗಳು ಫಲಕಗಳ ಮೂಲೆ ಕೂಡುವ ಜಾಗದಲ್ಲಿ ಏಳುತ್ತವೆ. ತುದಿ ಮೂರಾಗಿ ಕವಲೊಡೆದು, ಒಂದೊಂದು ಕವಲೂ ಮತ್ತೆ ಎರಡಾಗುತ್ತದೆ. ಫಲಕ ಕೊಳೆತುಹೋಗಿದ್ದರೂ ಅದರ ನಕಾಶೆ ಗೂಡಿನ ಮೇಲೆ ಉಳಿದಿದೆ ಎಂದಾಯಿತು. ಎರಡನೆಯ ಸಾಕ್ಷಿ ಬಾಗಿಲು. ಇದಕ್ಕೆ ಆರ್ಕಿಯೋಪೈಲ್ ಎನ್ನುತ್ತಾರೆ. ಎಲ್ಲೋ ಒಡೆದ ತೂತಲ್ಲ ಅದು, ಗೊತ್ತಾದ ಫಲಕದ ಆಕಾರದಲ್ಲೇ ತೆರೆದುಕೊಳ್ಳುತ್ತದೆ. ಸ್ಪಿನಿಫೆರೈಟಿಸ್‌ನಲ್ಲಿ ಬೆನ್ನಿನ ಕಡೆ, ಸೊಂಟದ ತೋಡಿಗೆ ತುಸು ಮೇಲಿನ ಒಂದು ಫಲಕ. ಇನ್ನು ಕೆಲವು ಗುಂಪುಗಳಲ್ಲಿ ತಲೆಯ ಟೋಪಿಯೇ ಕಳಚಿ ಬೀಳುತ್ತದೆ. ಕುಲ ನಿಶ್ಚಯಕ್ಕೆ ಫಲಕದ ಜೋಡಣೆ, ಬಾಗಿಲು. ಜಾತಿ ನಿಶ್ಚಯಕ್ಕೆ ಆಮೇಲೆ ಮುಳ್ಳಿನ ಉದ್ದ, ತುದಿ, ಗೋಡೆಯ ಮೈ. ಫಲಕವೂ ಬಾಗಿಲೂ ಕಾಣದೆ ಬರೀ ಮುಳ್ಳಿದ್ದರೆ? ಅಂಥವಕ್ಕೆ ಎವಿಟ್ ಅವರೇ 1963ರಲ್ಲಿ ಆಕ್ರಿಟಾರ್ಕ್, ‘ಮೂಲ ತಿಳಿಯದ್ದು’, ಎಂಬ ಗುಂಪು ಮಾಡಿದರು. ಪ್ರತಿ ಕಚೇರಿಯಲ್ಲೂ ‘ಇತರೆ’ ಎಂಬ ಫೈಲು ಇರುತ್ತದಲ್ಲ, ಹಾಗೆ. ತಪ್ಪು ಫೈಲಿಗೆ ಸೇರಿಸುವುದಕ್ಕಿಂತ ಅದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ತೊಡಕಿದೆ. 1960ರ ದಶಕದಲ್ಲಿ ಡೇವಿಡ್ ವಾಲ್, ಬ್ಯಾರಿ ಡೇಲ್ ಎಂಬುವರು ಸಮುದ್ರದ ಕೆಸರಿನಿಂದ ಜೀವಂತ ಸಿಸ್ಟ್ ತೆಗೆದು ಮರಿ ಮಾಡಿಸಿದರು. ಬೇರೆ ಬೇರೆ ಸ್ಪಿನಿಫೆರೈಟಿಸ್ ಜಾತಿಗಳಿಂದ ಹೊರಬಂದದ್ದು ಗೋನಿಯಾಲಾಕ್ಸ್ ಸ್ಪಿನಿಫೆರಾ ಎಂಬ ಒಂದೇ ಬಗೆಯ ಜೀವಿ! ಗೂಡಿಗೊಂದು ಹೆಸರು, ಈಜುವ ಜೀವಿಗೊಂದು ಹೆಸರು ಇಂದಿಗೂ ಜೊತೆಯಲ್ಲೇ ನಡೆದಿವೆ. ಪಡಿತರ ಚೀಟಿಯಲ್ಲಿ ತಮಿಳಿನ ಕಾಗುಣಿತ, ಹಳೆಯ ಪತ್ರದಲ್ಲಿ ಕನ್ನಡದ್ದು, ಇಬ್ಬರೂ ಒಬ್ಬರೇ ಎಂದು ರುಜುವಾತು ಮಾಡಲು ಓಡಾಡಿದ ಗಡಿಯವರಿಗೆ ಇದನ್ನು ವಿವರಿಸಬೇಕಿಲ್ಲ.

ಹೆಸರು ಸರಿಯಿರಬೇಕಾದದ್ದು ಏಕೆಂದರೆ ಅದರಿಂದ ಕಲ್ಲಿನ ವಯಸ್ಸು ಹೇಳುತ್ತಾರೆ. ಮೂರು ಕೊಂಬಿನ ಒಡೊಂಟೊಕೈಟಿನಾ ಕ್ರಿಟೇಷಿಯಸ್ ಮುಗಿಯುವ ಮೊದಲೇ ಅಳಿಯಿತು, ಆದ್ದರಿಂದ ಅದು ಕಾಲ ಹೇಳುತ್ತದೆ. ಸ್ಪಿನಿಫೆರೈಟಿಸ್ ರಮೋಸಸ್ ಇಂದಿನವರೆಗೂ ಇರುವುದರಿಂದ ಸಮುದ್ರವಿತ್ತು ಎಂದು ಹೇಳೀತು, ಕಾಲ ಹೇಳದು. ಕಾವೇರಿ ತೀರದ ತೈಲಬಾವಿ ಕೊರೆಯುವಾಗ ಚಿಪ್ಪೆಲ್ಲ ನುಚ್ಚಾಗುತ್ತದೆ, ಈ ಸಣ್ಣ ಗೂಡು ಉಳಿಯುತ್ತದೆ.

ಕಾಸರಗೋಡಿನ ಸದಸ್ಯರಿಗೆ ಇದು ಊಟದ ತಟ್ಟೆಯ ವಿಷಯವೂ ಹೌದು. 1983ರಲ್ಲಿ ಮಂಗಳೂರು ಕಡೆ ಮರುವಾಯಿಯಂಥ ಚಿಪ್ಪುಮೀನು ತಿಂದವರಿಗೆ ಲಕ್ವ ಹೊಡೆಸುವ ವಿಷವೇರಿತ್ತು. ಅಂಥ ವಿಷ ಬರುವುದು ಕೆಲವೇ ಡೈನೋಫ್ಲಾಜೆಲೇಟ್ ಜಾತಿಗಳಿಂದ. ಅವುಗಳ ಸಿಸ್ಟ್ ಅಳಿವೆಯ ಕೆಸರಿನಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು. ವಿಷದ ಜಾತಿ ಯಾವುದು, ನಿರುಪದ್ರವಿ ಯಾವುದು ಎಂದು ಗೂಡು ನೋಡಿ ಹೇಳಬಲ್ಲವರು ಬೇಕು.

ಈ ವಿದ್ಯೆಗೆ ನಮ್ಮ ದೇಶದ ದೊಡ್ಡ ನೆಲೆ 1946ರಲ್ಲಿ ಬೀರಬಲ್ ಸಾಹ್ನಿ ಅವರು ಲಖನೌದಲ್ಲಿ ಆರಂಭಿಸಿದ ಸಂಸ್ಥೆ. ಅರಿಯಲೂರಿಗೆ ಹೋಗುವ ವಿದ್ಯಾರ್ಥಿಗಳು ಗಣಿಯವರ ಅನುಮತಿ ಪಡೆದು ಹೋಗಿ. ಬಿಸಿಲಿಗೆ ಕೆಂಪಾದ ಮೇಲ್ಮಣ್ಣಿನಲ್ಲಿ ಸಿಸ್ಟ್ ಹಾಳಾಗಿರುತ್ತದೆ, ಒಳಗಿನ ಬೂದುಗಪ್ಪು ಜೇಡಿಕಲ್ಲನ್ನೇ ತೆಗೆಯಿರಿ. ಚೀಲದ ಮೇಲೆ ಸ್ಥಳ, ಪದರ, ದಿನಾಂಕವನ್ನು ಅಲ್ಲೇ ನಿಂತು ಬರೆಯಿರಿ.