ಮನೆ ಕೊಳ್ಳುವವನ ಅಳುಕು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅವರ ಬದುಕಿನಲ್ಲಿ ಆ ಮಾತಿಗೆ ಎಡೆಯೇ ಇರಲಿಲ್ಲವೆಂದು ತೋರುತ್ತದೆ. ಮನೆ ಎಂದರೆ ಅಜ್ಜ ಕಟ್ಟಿಸಿದ್ದು, ಅಪ್ಪ ಹೆಂಚು ಹೊದಿಸಿದ್ದು, ಅಣ್ಣತಮ್ಮಂದಿರು ನಡುವೆ ಗೋಡೆ ಹಾಕಿ ಹಂಚಿಕೊಂಡದ್ದು. ಸಂತೆಯಲ್ಲಿ ಎತ್ತು ಕೊಳ್ಳುವವನಿಗೆ ಹಲ್ಲು ಎಣಿಸುವ ವಿದ್ಯೆ ತಂದೆಯಿಂದ ಬಂದಿರುತ್ತಿತ್ತು. ಮನೆ ಕೊಳ್ಳುವ ವಿದ್ಯೆಯನ್ನು ಯಾವ ತಂದೆಯೂ ಮಗನಿಗೆ ಕಲಿಸಿದ್ದಿಲ್ಲ.

ಇಂದು ಆ ವಿದ್ಯೆ ಬೇಕಾಗಿದೆ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಹಾನಗಲ್ಲ, ಸವಣೂರು, ಶಿಗ್ಗಾಂವಿ, ಹಿರೇಕೆರೂರು ಪಟ್ಟಣಗಳಲ್ಲಿ ವಂಶದಲ್ಲಿಯೇ ಮೊದಲ ಸಲ ಮನೆ ಕೊಳ್ಳಲು ಹೊರಟವರನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ. ಹಳ್ಳಿಯ ಶಾಲೆಯ ಶಿಕ್ಷಕ, ದವಾಖಾನೆಯ ದಾದಿ, ಬಸ್ಸಿನ ನಿರ್ವಾಹಕ, ಮಕ್ಕಳ ಕಾಲೇಜಿಗಾಗಿ ಊರು ಬಿಟ್ಟು ಬಂದ ರೈತ. ಅವರ ಮುಂದೆ ಬೀಗದ ಕೈ ಹಿಡಿದು ನಡೆಯುವವನು ದಲಾಲ. ಈ ತಾಲೂಕುಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ನನ್ನನ್ನು ಹಳೆಯ ವಿದ್ಯಾರ್ಥಿಗಳು ‘ಕಾಗದ ಓದಿ ನೋಡಾಕ ಬರ್ರಿ ಸರ’ ಎಂದು ಕರೆಯುತ್ತಾರೆ. ಹೀಗೆ ದಲಾಲನ ಹಿಂದೆ, ಕೊಳ್ಳುವವನ ಪಕ್ಕದಲ್ಲಿ ನಡೆದು ನಾನು ಕಂಡುಕೊಂಡದ್ದನ್ನು ವಾಚಕರ ಮುಂದಿಡುತ್ತೇನೆ.

ಕೊಳ್ಳುವವನ ಅಳುಕನ್ನು ದಲಾಲರು ಎರಡು ಬಗೆಯಾಗಿ ಕಾಣುತ್ತಾರೆ. ಒಬ್ಬನಿಗೆ ಅದು ವ್ಯಾಪಾರಕ್ಕೆ ಅಡ್ಡ ಬಂದ ಬೇಲಿ. ‘ಭಾಳ ವಿಚಾರ ಮಾಡಬ್ಯಾಡ್ರಿ, ವಿಚಾರ ಮಾಡಿದಾಂವ ಮನಿ ತಗೊಂಡಿಲ್ಲ’ ಎಂದು ಅವನು ಅದನ್ನು ದಾಟಿಸಲು ನೋಡುತ್ತಾನೆ. ಇನ್ನೊಬ್ಬನಿಗೆ ಅದೇ ಅಳುಕು ಕೇಳಬೇಕಾದ ಪ್ರಶ್ನೆಗಳ ಗಂಟು. ಅವನು ಗಂಟನ್ನು ಬಿಚ್ಚಿ, ಇದಕ್ಕೆ ಉತ್ತರ ಗೋಡೆಯಲ್ಲಿದೆ, ಇದಕ್ಕೆ ಕಾಗದದಲ್ಲಿದೆ, ಇದಕ್ಕೆ ನಿಮ್ಮಲ್ಲಿಯೇ ಇದೆ ಎಂದು ಬೇರ್ಪಡಿಸುತ್ತಾನೆ. ಎರಡನೆಯವನು ಅಪರೂಪ. ಅಪರೂಪವಾಗಿರುವುದಕ್ಕೆ ಕಾರಣವೂ ಉಂಟು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಊರೂರಿನ ಅಳುಕನ್ನು ನೋಡೋಣ.

ಹಾನಗಲ್ಲ ಮಲೆನಾಡಿನ ಹೊಸ್ತಿಲಲ್ಲಿರುವ ಊರು. ಬತ್ತದ ಗದ್ದೆ, ಮಾವಿನ ತೋಪು, ಆನೆಕೆರೆಗಳ ಊರು. ಇಲ್ಲಿಯ ಹಳೆಯ ಮನೆಗಳು ಮಣ್ಣಿನ ಗೋಡೆಯವು. ಇಲ್ಲಿ ಕೊಳ್ಳುವವನಿಗೆ ಮೊದಲ ಭಯ ಮಳೆಯದು. ಬೇಸಗೆಯಲ್ಲಿ ಮನೆ ನೋಡಿ ಮೆಚ್ಚಿದ ಒಬ್ಬ ಶಿಕ್ಷಕನಿಗೆ ಅಲ್ಲಿಯ ಮುಪ್ಪಿನ ದಲಾಲರು, ‘ಬ್ಯಾಸಗ್ಯಾಗ ಎಲ್ಲಾ ಮನಿ ಚಲೋ ಕಾಣತಾವ್ರಿ ಸರ. ಆಷಾಢದಾಗ ಒಮ್ಮೆ ಬರ್ರಿ’ ಎಂದರು. ಆಷಾಢದಲ್ಲಿ ಹೋದಾಗ ನಡುಮನೆಯ ಗೋಡೆ ಮೊಣಕಾಲೆತ್ತರಕ್ಕೆ ತೇವ ಹೀರಿ ನಿಂತಿತ್ತು. ಮನೆಯನ್ನು ಬಿಡಲಿಲ್ಲ, ಗೋಡೆಯ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡು ಕೊಂಡರು.

ಹಾನಗಲ್ಲಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಗೆರೆಯುಂಟು. ಊರಿನ ತಾರಕೇಶ್ವರ ದೇವಾಲಯವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಇದ್ದ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟಲಿಕ್ಕೂ ಅಪ್ಪಣೆ ಬೇಕು. ಹಳೆಯ ಮನೆಯನ್ನು ಕೆಡವಿ ಎರಡಂತಸ್ತು ಕಟ್ಟುತ್ತೇನೆಂಬ ಕನಸಿನಿಂದ ಕೊಳ್ಳಬಂದವನಿಗೆ ಈ ಗೆರೆಯನ್ನು ಮೊದಲೇ ತೋರಿಸುವವನು ಹಿತವಂತ. ಖರೇದಿಯಾದ ಮೇಲೆ ತೋರಿದರೆ ಅದು ಬರಿಯ ಸುದ್ದಿ.

ಗೋಡೆಯ ಭಯ ಕಣ್ಣಿನಿಂದ ತೀರುತ್ತದೆ. ಸವಣೂರಿನ ಭಯ ಹಾಗಲ್ಲ. ಇದು 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಊರು. ವೀಳ್ಯದೆಲೆಗೆ, ಮುದಿ ದೊಡ್ಡಹುಣಿಸೆ ಮರಗಳಿಗೆ ಹೆಸರಾದದ್ದು. ಹಳೆಯ ಊರಿನ ಮನೆಯೆಂದರೆ ಹಳೆಯ ಬಳಗ. ಒಂದು ತೊಲೆಗೆ ಹತ್ತು ವಾರಸುದಾರರು. ಒಬ್ಬರು ಇಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಮುಂಬಯಿಯಲ್ಲಿ. ಅಲ್ಲಿ ದಾದಿಯೊಬ್ಬಳು ತನ್ನ ದುಡಿಮೆಯ ಹಣದಿಂದ ಚಿಕ್ಕದೊಂದು ಮನೆ ಕೊಳ್ಳಬೇಕೆಂದು ನಾಲ್ಕು ತಿಂಗಳು ತಿರುಗಿದ್ದಳು. ಕೊನೆಗೆ ಮನಸ್ಸಿಗೆ ಬಂದ ಮನೆ ಇಬ್ಬರು ಅಣ್ಣತಮ್ಮಂದಿರದು. ಉತಾರದಲ್ಲಿ ಅವರಿಬ್ಬರ ಹೆಸರೇ ಇದ್ದವು. ಬೆಲೆ ಕುದುರಿತು. ಸಂಚಕಾರ ಕೊಡುವ ದಿನ ದಲಾಲರು ಅವಳನ್ನು ಪಕ್ಕಕ್ಕೆ ಕರೆದು, ‘ಮನಿ ಚಲೋ ಐತ್ರಿ ಅಕ್ಕಾರ. ಆದರ ಸಹಿ ಕಡಿಮಿ ಅದಾವ. ಈ ಮನ್ಯಾಗ ಇಬ್ಬರು ಹೆಣ್ಣುಮಕ್ಕಳು ಹುಟ್ಯಾರ. ಅವರ ಸಹಿ ಬರೂತನಕ ಒಂದು ರೂಪಾಯಿನೂ ಕೊಡಬ್ಯಾಡ್ರಿ’ ಎಂದರು.

ಈ ಮಾತಿನ ತೂಕವನ್ನು ವಿದ್ಯಾರ್ಥಿಗಳು ಅರಿಯಬೇಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕುಂಟೆಂದು ಕರ್ನಾಟಕವು 1994ರಲ್ಲಿ, ಇಡೀ ದೇಶಕ್ಕಾಗಿ ಸಂಸತ್ತು 2005ರಲ್ಲಿ ಕಾಯಿದೆ ಮಾಡಿದವು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ಮುಸಲ್ಮಾನ ಕುಟುಂಬದಲ್ಲಂತೂ ಮಗಳು ಹಿಂದಿನಿಂದಲೂ ವಾರಸುದಾರಳೇ. ಆದರೂ ಉತಾರದಲ್ಲಿ ಅವಳ ಹೆಸರು ಬಹಳ ಮಾಡಿ ಇರುವುದಿಲ್ಲ. ಋಣಭಾರದ ಪ್ರಮಾಣಪತ್ರ ತೆಗೆಸಿದರೆ ನೋಂದಣಿಯಾದ ವ್ಯವಹಾರಗಳು ಕಾಣುತ್ತವೆ. ತವರಿನಿಂದ ಕಳಿಸಿಕೊಟ್ಟ ಮಗಳು ಅದರಲ್ಲಿ ಕಾಣುವುದಿಲ್ಲ. ಅವಳನ್ನು ಬಲ್ಲದ್ದು ಓಣಿ. ಓಣಿಯನ್ನು ಬಲ್ಲವನು ದಲಾಲ. ಅವನು ಆ ದಿನ ಬಾಯಿ ಮುಚ್ಚಿಕೊಂಡಿದ್ದರೆ ಅವನ ದಲಾಲಿ ಅವನಿಗೆ ಸಿಕ್ಕುತ್ತಿತ್ತು. ದಾದಿಗೆ ಐದು ವರ್ಷಗಳ ಮೇಲೆ ನ್ಯಾಯಾಲಯದ ನೋಟೀಸು ಬರುವ ಸಂಭವವಿತ್ತು. ಆ ಇಬ್ಬರು ಅಕ್ಕತಂಗಿಯರ ಪಾಲು ಅವರಿಗೆ ತಿಳಿಯದೆಯೇ ಕರಗಿ ಹೋಗುತ್ತಿತ್ತು. ಅವನ ಒಂದು ಮಾತು ಮೂವರು ಹೆಂಗಸರನ್ನು ಕಾಯಿತು. ಅಣ್ಣತಮ್ಮಂದಿರು ಸಿಟ್ಟಾದರು, ವ್ಯವಹಾರ ಅಂದು ಮುರಿಯಿತು.

ಸಂಚಕಾರದ ವಿಷಯದಲ್ಲಿ ಇನ್ನೆರಡು ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮಿನಂತೆ ಖರೇದಿಯ ಕರಾರು ಮಾತ್ರದಿಂದ ಮನೆಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ನೋಂದಣಿಯಾದ ಖರೇದಿ ಪತ್ರವೇ ಹಕ್ಕು ಕೊಡುವುದು. ಸಂಚಕಾರ ಕೊಟ್ಟೊಡನೆ ಮನೆ ತನ್ನದಾಯಿತೆಂದು ಬಗೆದು ಬಾಗಿಲಿಗೆ ತೋರಣ ಕಟ್ಟುವವರನ್ನು ನಾನು ಕಂಡಿದ್ದೇನೆ. ಮತ್ತೊಂದು, 2015ರ ಜೂನ್ 1ರಿಂದ ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಇಲ್ಲವೆ ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವುದು ನಿಷಿದ್ಧ. ಚೆಕ್ಕಿನ ಮೂಲಕ, ಇಲ್ಲವೆ ಬ್ಯಾಂಕಿನ ಖಾತೆಯಿಂದ ಖಾತೆಗೆ ಕೊಟ್ಟದ್ದು ನಾಳೆ ಸಾಕ್ಷಿಯಾಗಿ ನಿಲ್ಲುತ್ತದೆ.

ಸವಣೂರಿನಲ್ಲಿ ವ್ಯವಹಾರ ಹಳೆಯ ಮನೆಯದಾದರೆ, ಪುಣೆ-ಬೆಂಗಳೂರು ಹೆದ್ದಾರಿಯ ಬಳಿಯ ಶಿಗ್ಗಾಂವಿಯಲ್ಲಿ ಖಾಲಿ ನಿವೇಶನದ್ದು. ಇಲ್ಲಿ ಅಳುಕಿಗೆ ಮದ್ದೆಂದು ಕೊಡುವುದು ಅವಸರವನ್ನು. ‘ಮುಂದಿನ ಅಮಾವಾಸಿಗೆ ರೇಟು ಏರತೈತಿ, ಇರೋದು ಎರಡ ಪ್ಲಾಟು’ ಎಂಬ ಮಾತನ್ನು ನಾನು ಮೂರು ಅಮಾವಾಸ್ಯೆ ಕೇಳಿದ್ದೇನೆ. ಎರಡು ಪ್ಲಾಟು ಎರಡಾಗಿಯೇ ಉಳಿದಿದ್ದವು. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಭೂಮಿ ಬಿನ್‌ಶೇತ್ಕಿಯಾಗಿದೆಯೇ ಎಂಬುದು. ಇಂದಿನವರ ಬಾಯಲ್ಲಿ ‘ಎನ್.ಎ.’. 1964ರ ಭೂಕಂದಾಯ ಕಾಯಿದೆಯಂತೆ ಹೊಲವನ್ನು ವಸತಿಗೆ ಪರಿವರ್ತಿಸದೆ ಮನೆ ಕಟ್ಟುವಂತಿಲ್ಲ. ಎಕರೆಗೆ 40 ಗುಂಟೆ. ಗುಂಟೆಗೆ 1,089 ಚದರ ಅಡಿ. ಪರಿವರ್ತನೆಯಾಗದ ಹೊಲವನ್ನೇ ಗುಂಟೆಗಳಾಗಿ ತುಂಡರಿಸಿ ಅಗ್ಗಕ್ಕೆ ಮಾರುವುದುಂಟು. ಕೊಂಡವನಿಗೆ ಪುರಸಭೆಯ ಖಾತೆ ಸಿಕ್ಕದು, ಕಟ್ಟಡಕ್ಕೆ ಪರವಾನಗಿ ಸಿಕ್ಕದು, ಬ್ಯಾಂಕು ಸಾಲ ಕೊಡದು. ಅಗ್ಗದ ಅರ್ಥ ಆಗ ತಿಳಿಯುತ್ತದೆ.

ಹೊಸ ಬಡಾವಣೆಗಳ ದಲಾಲರಿಗೆ ಕಾಯಿದೆಯ ಲಗಾಮೂ ಇದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ 500 ಚದರ ಮೀಟರಿಗೆ ಮೀರಿದ ಬಡಾವಣೆಯು ರಾಜ್ಯದ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಅದರ ನಿವೇಶನಗಳನ್ನು ಮಾರಿಸುವ ದಲಾಲನೂ ನೋಂದಣಿ ಪಡೆದಿರಬೇಕು. ಪಡೆಯದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಹಣವನ್ನು ಮಾಲೀಕ ಪಡೆಯಕೂಡದು. ‘ನಿಮ್ಮ ನೋಂದಣಿ ಸಂಖ್ಯೆ ಏನು?’ ಎಂದು ಕೇಳುವುದು ಒರಟುತನವಲ್ಲ. ಬಸ್ಸನ್ನೇರುವವನು ಫಲಕ ಓದಿದಷ್ಟೇ ಸಹಜ. ಆದರೆ ಸವಣೂರಿನ ಹಳೆಯ ಮನೆಯೊಂದನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ದಲಾಲ ಈ ಕಾಯಿದೆಯ ಕಣ್ಣಿಗೆ ಬೀಳುವುದಿಲ್ಲ. ಅವನಿಗಿರುವ ಪರವಾನಗಿ ಊರವರ ಬಾಯಿ ಮಾತ್ರ.

ಇನ್ನು ಹಿರೇಕೆರೂರು. ಸರ್ವಜ್ಞನ ಹೆಸರಿನೊಡನೆ ಜನ ನೆನೆಯುವ ಅಬಲೂರು ಈ ತಾಲೂಕಿನದು; ಸಾಲದ ಕುರಿತು ಅವನಾಡಿದ ತ್ರಿಪದಿ ಇಲ್ಲಿ ಅಕ್ಷರ ಬಾರದವರಿಗೂ ಬಾಯಿಪಾಠ. ಗೋವಿನಜೋಳ ಬೆಳೆಯುವ ತಂದೆಗೆ, ಸಾಲ ಮಾಡಿ ಮನೆ ಕೊಳ್ಳುವ ನಿರ್ವಾಹಕ ಮಗನ ಮಾತೇ ಅಪಶಕುನವೆನಿಸಿತು. ಈ ಅಳುಕಿಗೆ ಗೋಡೆಯಲ್ಲಿಯೂ ಉತ್ತರವಿಲ್ಲ, ಕಾಗದದಲ್ಲಿಯೂ ಇಲ್ಲ. ಅಲ್ಲಿಯ ದಲಾಲರು ಕ್ಯಾಲೆಂಡರಿನ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಮನೆಗೆ 20 ಲಕ್ಷ. ಸಾಲ 15 ಲಕ್ಷ. ಬಡ್ಡಿ ಶೇಕಡ 8.5 ಎಂದು ಹಿಡಿದರೆ 20 ವರ್ಷದ ಕಂತು ತಿಂಗಳಿಗೆ ಸುಮಾರು 13,017 ರೂಪಾಯಿ. ಒಟ್ಟು ತೆರುವುದು 31 ಲಕ್ಷ 24 ಸಾವಿರ. ಹದಿನೈದು ವರ್ಷಕ್ಕಾದರೆ ಕಂತು 14,771. ಒಟ್ಟು 26 ಲಕ್ಷ 59 ಸಾವಿರ. ತಿಂಗಳಿಗೆ 1,754 ರೂಪಾಯಿ ಹೆಚ್ಚು ಕಟ್ಟಿದರೆ ನಾಲ್ಕೂವರೆ ಲಕ್ಷಕ್ಕೂ ಮಿಕ್ಕು ಉಳಿತಾಯ. ಇದಲ್ಲದೆ ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲಿನ ಉಪಕರಗಳು, 2025ರ ಆಗಸ್ಟ್ 31ರಿಂದ ಶೇಕಡ 2ಕ್ಕೆ ಏರಿದ ನೋಂದಣಿ ಶುಲ್ಕ. 20 ಲಕ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಕೈಯಲ್ಲಿಯೇ ಇರಬೇಕು. ತಂದೆ ಲೆಕ್ಕವನ್ನು ಎರಡು ಸಲ ಕೇಳಿ ಸುಮ್ಮನಾದರು. ಹೆಸರಿಲ್ಲದ ಭಯ ಅಂಕಿಯಾಗಿ ಎದುರಿಗೆ ಕುಳಿತಾಗ ಅದರೊಡನೆ ಮಾತಾಡಲು ಬರುತ್ತದೆ.

ಅಷ್ಟರಲ್ಲಿ ದಲಾಲರು ಬಾಗಿಲ ಮರೆಯಲ್ಲಿದ್ದ ಸೊಸೆಯತ್ತ ತಿರುಗಿ, ‘ತಂಗೆವ್ವಾ, ನಿನಗ ಹ್ಯಾಂಗ ಅನಸ್ತೈತಿ?’ ಎಂದರು. ಅವಳು, ‘ನಳಕ್ಕ ನೀರು ಎಷ್ಟ ದಿನಕ್ಕ ಬರತೈತ್ರಿ?’ ಎಂದಳು. ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು. ಗಂಡಸರು ಕಾಗದ ಓದುವ ಸಂಭ್ರಮದಲ್ಲಿ, ಆ ಮನೆಯಲ್ಲಿ ದಿನದ ಹದಿನಾರು ತಾಸು ಕಳೆಯುವವಳನ್ನು ಕೇಳುವುದನ್ನು ಮರೆಯುತ್ತಾರೆ.

ಇಷ್ಟಾದ ಮೇಲೆ ಮೊದಲು ಉಳಿಸಿಕೊಂಡ ಪ್ರಶ್ನೆಗೆ ಬರುತ್ತೇನೆ. ಇಂಥ ದಲಾಲರು ಅಪರೂಪವೇಕೆ? ದಲಾಲ ಯಾರ ಮನುಷ್ಯ ಎಂಬುದು ತೀರ್ಮಾನವಾಗದಿರುವುದೇ ಕಾರಣ. ನಮ್ಮಲ್ಲಿ ಅವನು ಬೆಲೆಯ ಮೇಲೆ ಶೇಕಡ ಒಂದೋ ಎರಡೋ ಎಂದು ಎರಡೂ ಕಡೆಯಿಂದ ಪಡೆಯುತ್ತಾನೆ; ಖರೇದಿಯಾದರೆ ಮಾತ್ರ. ಅಮೆರಿಕದಲ್ಲಿಯೂ ಈ ಗೊಂದಲವಿತ್ತು. ಅಲ್ಲಿ ಮಾರುವವನೇ ಎರಡೂ ಕಡೆಯ ದಲಾಲರಿಗೆ ಒಟ್ಟು ಶೇಕಡ ಐದಾರು ಕೊಡುವ ರೂಢಿ ಬಹುಕಾಲ ನಡೆಯಿತು. ಮೊಕದ್ದಮೆಗಳಾಗಿ, 2024ರ ಮಾರ್ಚಿಯಲ್ಲಿ ಅಲ್ಲಿಯ ದಲಾಲರ ರಾಷ್ಟ್ರೀಯ ಸಂಘವು 41.8 ಕೋಟಿ ಡಾಲರು ಕೊಡಲು ಒಪ್ಪಿ ರಾಜಿಯಾಯಿತು. ಆ ವರ್ಷದ ಆಗಸ್ಟಿನಿಂದ ಕೊಳ್ಳುವವನೂ ಅವನ ದಲಾಲನೂ, ಒಟ್ಟಾಗಿ ಮನೆ ನೋಡಲು ಹೋಗುವ ಮುನ್ನವೇ, ಸಂಭಾವನೆಯನ್ನು ಬರೆದು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ರೂಢಿಯಲ್ಲಿ ‘ತಗೊಳ್ರಿ’ ಎಂದವನಿಗೆ ಹಣ. ‘ಬ್ಯಾಡ್ರಿ’ ಎಂದವನಿಗೆ ಬರಿಗೈ. ಸವಣೂರಿನ ದಾದಿ ಅಂದು ದಲಾಲರ ಕೈಗೆ ಎರಡು ಸಾವಿರ ರೂಪಾಯಿ ಇಡಲು ಹೋದಳು. ಅವರು ಹಿಂದೆ ಸರಿದು, ‘ವ್ಯವಹಾರ ಆಗಲಿಲ್ಲಲ್ರಿ ಅಕ್ಕಾರ, ಯಾವ ಹೆಸರಿಗೆ ತಗೊಳ್ಳಲಿ?’ ಎಂದರು. ವೈದ್ಯನು ರೋಗವಿಲ್ಲವೆಂದು ಹೇಳಿದರೂ ನಾವು ಫೀಸು ಕೊಡುತ್ತೇವೆ. ವಕೀಲನು ದಾವೆ ಬೇಡವೆಂದರೂ ಕೊಡುತ್ತೇವೆ. ದಲಾಲನ ವಿವೇಕಕ್ಕೆ ಮಾತ್ರ ನಮ್ಮಲ್ಲಿ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಅವಳು ಒತ್ತಾಯ ಮಾಡಿ ಕೊಟ್ಟಳು. ‘ಇದು ಸಲಹೆದ್ದು’ ಎಂದಳು.

ಮೊದಲ ಸಲ ಮನೆ ಕೊಳ್ಳುವವರಿಗೆ ನನ್ನ ವಿನಂತಿ ಇಷ್ಟೇ. ಅಳುಕನ್ನು ಅವಮಾನವೆಂದು ಬಗೆಯಬೇಡಿ. ಅದನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿ. ದಲಾಲನನ್ನು ಕೇಳುವ ಮೊದಲ ಪ್ರಶ್ನೆ, ‘ನೀವು ಯಾರಿಗಾದರೂ ಬೇಡವೆಂದು ಹೇಳಿದ್ದುಂಟೇ?’ ಎಂಬುದಾಗಿರಲಿ, ಆ ಉತ್ತರವನ್ನು ಓಣಿಯಲ್ಲಿ ತಾಳೆ ನೋಡಿರಿ. ಹೇಳಿದ್ದುಂಟೆಂದಾದರೆ, ಮನೆ ನೋಡುವ ಮುನ್ನವೇ ಅವನ ದಿನದ ಸಲಹೆಗೊಂದು ಸಂಭಾವನೆಯನ್ನು ಗೊತ್ತುಮಾಡಿರಿ, ಖರೇದಿಯಾಗಲಿ, ಆಗದಿರಲಿ. ಹೀಗೆ ಕೊಡುವವರು ನಾಲ್ಕು ಊರಿನಲ್ಲಿ ನಾಲ್ಕು ನಾಲ್ಕು ಜನ ಹುಟ್ಟಿಕೊಂಡರೂ, ಸತ್ಯ ಹೇಳುವ ದಲಾಲನು ಹಸಿದಿರಬೇಕಾಗಿಲ್ಲ.